ಸುಂದ್ರಮ್ಮ ಹೇಳಿದ ‘ಇಲ್ಲ’

ಶಹಾಪುರದ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸುಂದ್ರಮ್ಮ ಕೊಂಕಲ್ಲಿನ ಕೂಲಿ ಮನೆಯ ಮಗಳು, ರಜೆಯಲ್ಲಿ ಭತ್ತ ನಾಟಿ ಮಾಡಿ ಓದಿದವಳು. ನಾನೂ ಕೊಂಕಲ್ಲಿನವನೇ, ಅದೇ ಕಾಲೇಜಿನ ಕನ್ನಡ ಮಾಸ್ತರ. ಅವಳನ್ನು ಹೊಗಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಕಾಲುವೆ ಬಂದ ಮೇಲೆ ನಮ್ಮ ಜೋಳದ ಹೊಲಗಳು ಗದ್ದೆಗಳಾದವು. ಭತ್ತದ ಬೆನ್ನಿಗೆ ಕಂದು ಜಿಗಿಹುಳುವೂ ಬಂತು. ಕೆಲವು ಕಡೆ ಈ ಹುಳದ ಮೈಯೊಳಗೆ ಒಂದು ಬ್ಯಾಕ್ಟೀರಿಯಾ ಬಾಡಿಗೆ ಕೊಡದೆ ಸಂಸಾರ ಹೂಡಿರುತ್ತದಂತೆ. ನಮ್ಮ ಹುಳದಲ್ಲೂ ಅದು ಇದೆಯೇ ಎಂದು ಡಿಎನ್‌ಎ ಪರೀಕ್ಷೆ ಮಾಡಿಯೇ ತೀರುತ್ತೇನೆಂದು ಸುಂದ್ರಮ್ಮ ಹಟ ಹಿಡಿದಳು. ಹತ್ತು ಕಡೆ ಅಲೆದು ಯಂತ್ರವೊಂದನ್ನು ಎರವಲು ತಂದಳು. ಶುಕ್ರವಾರ ಸಂಜೆ ಅದು ವಾಪಸು ಹೋಗಬೇಕಿತ್ತು. ಆಮೇಲೆ ಯಾವಾಗ ಸಿಗುತ್ತದೋ, ಸಿಗುತ್ತದೋ ಇಲ್ಲವೋ.

ಈ ಪರೀಕ್ಷೆಯಲ್ಲಿ ಯಾರ ಡಿಎನ್‌ಎ ಸಿಕ್ಕಿತೋ ಅವರದೊಂದು ಗೆರೆ ಮೂಡುತ್ತದೆ. ಗುರುವಾರ ಬ್ಯಾಕ್ಟೀರಿಯಾದ ಗೆರೆ ಮೂಡಲಿಲ್ಲ. ಪ್ರಾಂಶುಪಾಲ ಮಹಾದೇವಪ್ಪನವರಿಗೆ ಎಲ್ಲವೂ ಬೇಗ ಮುಗಿಯಬೇಕು.

“ಇಲ್ಲ ಅಂತ ವರದಿ ಬರದು ಕಳಸವ್ವ, ಮುಗೀತು.”

“ಹುಳದ್ದೇ ಗೆರಿ ಬಂದಿಲ್ರಿ ಸರ್. ಹುಳಾನ ಕಾಣದ ಪರೀಕ್ಷಿ, ಅದರೊಳಗಿಂದು ಇಲ್ಲ ಅಂತ ಹೆಂಗ ಹೇಳತೈತ್ರಿ?”

ಹುಳ ಇಟ್ಟಿದ್ದ ಸೀಸೆಯನ್ನು ಬೆಳಕಿಗೆ ಹಿಡಿದಳು. ಒಳಗೆಲ್ಲ ಹಳದಿ. ಗದ್ದೆಯಲ್ಲಿ ಕಳೆ ಕೀಳುತ್ತ ಹುಳ ಹಿಡಿದುಕೊಟ್ಟವಳು ಅವಳ ತಾಯಿ ತಿಮ್ಮವ್ವ. ಸುಂದ್ರಮ್ಮ ಅವಳಿಗೆ ಫೋನ್ ಮಾಡಿ ಕೇಳಿದಳು.

“ನೀ ಕೊಟ್ಟ ಸ್ಪಿರಿಟ್ ಬಿಸಲಿಗಿ ಆರಿತ್ತವ್ವ. ಹುಳ ಕೊಳಿಬಾರದಂತ ಅರಿಶಿಣ ಹಾಕೀನಿ!”

ಮೀನಿಗೆ ಹಚ್ಚಿದ ಹಾಗೆ! ಆ ಅರಿಶಿನವೇ ಪರೀಕ್ಷೆಗೆ ಅಡ್ಡಗಾಲು ಹಾಕಿತ್ತು. ನಾನಾಗಿದ್ದರೆ ಬೈದೇ ಬಿಡುತ್ತಿದ್ದೆ. ಸುಂದ್ರಮ್ಮ ನಕ್ಕು, “ನಾಳಿ ನಸಕ್ನಾಗ ಬರತೀನಿ, ಇಬ್ರೂ ಹಿಡಿಯೋಣು,” ಎಂದಳು.

ಶುಕ್ರವಾರ ಬೆಳಿಗ್ಗೆ ತಾಯಿ ಮಗಳು ಮೊಣಕಾಲುದ್ದ ಕೆಸರಲ್ಲಿ ನಿಂತು ಹೊಸ ಹುಳ ಹಿಡಿದರು. ಕೆಸರು ಮೆತ್ತಿದ ಸೀರೆಯಲ್ಲೇ ಸುಂದ್ರಮ್ಮ ಪ್ರಯೋಗಶಾಲೆ ಸೇರಿದಳು. ಮಧ್ಯಾಹ್ನದ ಊಟ ಬಿಟ್ಟಳು. ಎಲ್ಲಿ ಕರೆಂಟು ಹೋಗುತ್ತದೋ ಎಂದು ನಾನು ಬಲ್ಬನ್ನೇ ನೋಡುತ್ತ ಕೂತಿದ್ದೆ. ಯಂತ್ರ ಒಯ್ಯಲು ಬಂದ ಚಾಲಕ ಮೌಲಾಲಿ ಹೊರಗೆ ಹಾರನ್ ಹೊಡೆಯತೊಡಗಿದಾಗ ಗೆರೆಗಳು ಮೂಡಿದವು. ಬ್ಯಾಕ್ಟೀರಿಯಾ ಇದೆಯೆಂದು ಮೊದಲೇ ಗೊತ್ತಿದ್ದ ಮಾದರಿಯಲ್ಲಿ ಅದರ ಗೆರೆ ಬಂದಿತ್ತು. ನಮ್ಮ ಹುಳಗಳ ಸ್ವಂತ ಗೆರೆಯೂ ಸ್ಪಷ್ಟವಾಗಿತ್ತು. ಅವುಗಳಲ್ಲಿ ಬ್ಯಾಕ್ಟೀರಿಯಾದ ಗೆರೆ ಮಾತ್ರ ಇರಲಿಲ್ಲ.

“ಈ ಹುಳದಾಗ ಇಲ್ರಿ ಸರ್,” ಎಂದಳು ಸುಂದ್ರಮ್ಮ.

ಮಹಾದೇವಪ್ಪನವರು ಸಿಡುಕಿದರು. “ನಿನ್ನಿ ನಾ ಇದನ್ನ ಹೇಳಿದ್ನಲ್ಲವ್ವ?”

“ನಿನ್ನಿ ನೀವು ನೋಡದ ಹೇಳಿದ್ರಿ. ಇವತ್ತ ನಾ ನೋಡಿ ಹೇಳಾಕತ್ತೇನಿ.”

ಸುಂದ್ರಮ್ಮ ವರದಿಯಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕಿದಳು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಹೊರಗೆ ಹೋಗಿ, ಮೌಲಾಲಿ ಕೇಳದಿದ್ದರೂ ಅವನಿಗೆ ಹೇಳಿದೆ: “ಆಕಿ ನಮ್ಮೂರಾಕಿ ನೋಡಪಾ.”