ಅಜ್ಜ ಬಳಿದ ಸುಣ್ಣ

ಮೊನ್ನೆ ಪಕ್ಕದ ಮನೆಯವರು ಹಬ್ಬಕ್ಕೆಂದು ಬಕೆಟ್ಟಿನಲ್ಲಿ ಸುಣ್ಣ ನೆನೆಹಾಕಿದ್ದರು. ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಆದಿವಾಲದ ಹತ್ತಿರದ ಆ ಪೂಜಾರಜ್ಜ ನೆನಪಾದರು.

ಹೆದ್ದಾರಿ ಅಗಲವಾಗುತ್ತಿದ್ದ ವರ್ಷಗಳವು. ರಸ್ತೆಗಾಗಿ ಅಜ್ಜ ಪೂಜೆ ಮಾಡುತ್ತಿದ್ದ ಹಳೇ ಕಲ್ಲುಮಂಟಪ ಕೆಡವುವುದು ಖಚಿತವಾಗಿತ್ತು. ಹಳೇ ಕಟ್ಟಡಗಳನ್ನು ಲೇಸರ್ ಯಂತ್ರದಿಂದ ಚುಕ್ಕಿಚುಕ್ಕಿಯಾಗಿ ಅಳೆದು, ಎಲ್ಲ ಬದಿಯಿಂದಲೂ ತಿರುಗಿಸಿ ನೋಡುವಂತೆ ಕಂಪ್ಯೂಟರಿನಲ್ಲಿ ಉಳಿಸಿಡುವುದು ನನ್ನ ಕೆಲಸ. ಬಾಡಿಗೆ ಯಂತ್ರ ಸಿಕ್ಕಿದ್ದು ಒಂದೇ ದಿನಕ್ಕೆ, ಅದೂ ಕೆಡವುವ ಹಿಂದಿನ ದಿನ. ಅಲ್ಲಿನ ಕಂಬವೊಂದರಲ್ಲಿ ಕಂಬಳಿ ಹೊದ್ದ ಕುರಿಗಾಹಿ ಮತ್ತು ಅವನ ನಾಯಿಯ ಕೆತ್ತನೆಯಿತ್ತು, ಉಗುರಿನ ದಪ್ಪದಷ್ಟೇ ಆಳದ್ದು.

"ನಮ್ಮ ಹಿರೀಕರ ಗುರ್ತು ಅಂತ ಇರೋದು ಅದೊಂದೇ ಕಣಪ್ಪ. ಕಲ್ಲು ಹೋದ್ರೆ ಹೋಗ್ಲಿ, ಅದನ್ನ ಉಳಿಸ್ಕೊಡು" ಎಂದು, ಮೊದಲ ಸಲ ಜಾಗ ನೋಡಲು ಹೋದಾಗ ಅಜ್ಜ ಕೈ ಹಿಡಿದುಕೊಂಡಿದ್ದರು. ಒಂದು ಗೆರೆಯನ್ನೂ ಬಿಡುವುದಿಲ್ಲ ಎಂದು ಜಂಬದಿಂದ ಹೇಳಿ ಬಂದಿದ್ದೆ. ಅವತ್ತು ಒಂದು ಫೋಟೊ ಕೂಡ ತೆಗೆಯಲಿಲ್ಲ. ಯಂತ್ರವೇ ಬರುತ್ತದಲ್ಲ ಎಂಬ ಧಿಮಾಕು.

ಯಂತ್ರ ತೆಗೆದುಕೊಂಡು ಹೋಗಿ ನೋಡಿದರೆ... ಅಯ್ಯೋ ದೇವರೇ! ಇಡೀ ಮಂಟಪ ಬೆಳ್ಳಗೆ ಹೊಳೆಯುತ್ತಿತ್ತು. ಕುರಿಗಾಹಿಯೂ ಇಲ್ಲ, ನಾಯಿಯೂ ಇಲ್ಲ.

"ಬರ್ರಿ ಬರ್ರಿ. ಫೋಟ ಹಿಡಿಯೋರು ಬರ್ತಾರೆ ಅಂದ್ಮೇಲೆ ಹಂಗೇ ಬಿಡಾಕಾಗುತ್ತಾ? ಮೂರು ಸಲ ಬಳ್ದೀನಿ. ಹೆಂಗೈತೆ?" ಅಜ್ಜ ಒಗೆದ ಪಂಚೆಯುಟ್ಟು ನಗುತ್ತಿದ್ದರು.

ನಾನೂ ಇದೇ ಸೀಮೆಯವನು. ನೆಂಟರು ಬರುತ್ತಾರೆಂದರೆ ನಮ್ಮಲ್ಲಿ ಮೊದಲು ಹುಡುಕುವುದೇ ಸುಣ್ಣದ ಬಕೆಟ್ಟನ್ನು. ಬಳಿಯಬೇಡಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ಬಿಟ್ಟು ನನ್ನ ದರಿದ್ರ ಬಾಯಿ ಅಜ್ಜನ ಮೇಲೆ ಹರಿಯಿತು. "ಏನ್ ಕೆಲ್ಸ ಮಾಡಿದ್ರಿ ಅಜ್ಜ! ಯಂತ್ರಕ್ಕೆ ಈಗ ಸುಣ್ಣ ಬಿಟ್ರೆ ಏನೂ ಕಾಣಲ್ಲ!"

ಅಜ್ಜ ಕಂಬದ ಮುಂದೆ ಕೂತು ತೆಂಗಿನ ನಾರಿನಿಂದ ಉಜ್ಜತೊಡಗಿದರು. ನಾರು ಸವೆದ ಮೇಲೆ ಉಗುರು. ನಾನೂ ನೀರು ಸುರಿದು ಉಜ್ಜಿದೆ. ಸುಣ್ಣ ಗೆರೆಗಳೊಳಗೆ ಕಚ್ಚಿ ಕೂತಿತ್ತು. ಹೊತ್ತು ಮುಳುಗುವಾಗ ನಾಯಿಯ ಬಾಲ, ಕಂಬಳಿಯ ಅಂಚು ಕಂಡವು. ಯಂತ್ರ ಒಯ್ಯಲು ಬಂದ ಜೀಪು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿತ್ತು.

"ಅಜ್ಜ, ಪಕ್ಕಕ್ಕೆ ಬರ್ರಿ!"

"ತಡಿಯಪ್ಪ, ಮುಖ ಒಂದು ಬಿಡಿಸ್ಬಿಡ್ತೀನಿ..."

ಅವರ ಬೆರಳ ತುದಿಯಲ್ಲಿ ರಕ್ತ ಕಂಡಿತು. ರಟ್ಟೆ ಹಿಡಿದು ಎಬ್ಬಿಸಬೇಕಿತ್ತು. ಮನಸ್ಸು ಬರಲಿಲ್ಲ. ಹಾಗೇ ಯಂತ್ರದ ಗುಂಡಿ ಒತ್ತಿದೆ.

ಮಾರನೆಯ ಬೆಳಿಗ್ಗೆ ಮಂಟಪ ಉರುಳಿತು. ಮುಂದೆ ಎರಡೇ ವರ್ಷಕ್ಕೆ ಅಜ್ಜನೂ ಹೋದರಂತೆ.

ಮೊನ್ನೆ ತಡೆಯಲಾರದೆ ಆ ಹಳೇ ಫೈಲು ತೆರೆದೆ. ನುಣ್ಣನೆಯ ಬಿಳಿ ಕಂಬ. ಅದರ ಮುಂದೆ ಬೆನ್ನು ಬಗ್ಗಿಸಿ ಕೂತ ಅಜ್ಜ, ಬರೀ ಚುಕ್ಕಿಗಳಾಗಿ. ಚಿತ್ರವನ್ನು ತಿರುಗಿಸಿ ಅವರ ಆಚೆ ಬದಿಗೆ ಹೋದೆ. ಯಂತ್ರದ ಬೆಳಕು ಅಜ್ಜನನ್ನು ದಾಟಿ ಹೋಗಿರಲಿಲ್ಲ. ಅವರು ದಿನವಿಡೀ ಉಜ್ಜಿ ಬಿಡಿಸಿದ ಜಾಗದಲ್ಲಿ ಅಜ್ಜನ ಆಕಾರದ ಒಂದು ಕಪ್ಪು ತೂತು ಇದೆ, ಅಷ್ಟೇ.