ಸುಗಂಧಾಳ ಟ್ರಂಕು, ಕಾಳವ್ವನ ಭಕ್ರಿ ಬುಟ್ಟಿ

೧೯೮೭ರಲ್ಲಿ ನಾನು ಶಿಕ್ಷಕಿಯಾಗಿ ಕಬ್ಬೂರಿಗೆ ವರ್ಗವಾಗಿ ಬಂದಾಗ ತುಳಸವ್ವನವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆ ವರ್ಷ ಅವರ ಸೊಸೆಯರಿಬ್ಬರೂ ಒಟ್ಟಿಗೇ ಬಸಿರಾಗಿದ್ದರು. ಹಿರಿಯಳು ಕಾಳವ್ವ. ಅಂಥ ದುಡಿಯುವ ಹೆಣ್ಣನ್ನು ನಾನು ಬೇರೆ ಕಂಡಿಲ್ಲ. ಅಷ್ಟು ಹೊಟ್ಟೆಕಿಚ್ಚಿನವಳನ್ನೂ ಕಂಡಿಲ್ಲ.

ಆಕೆಗೆ ಅದು ಮೂರನೆಯ ಬಸಿರು. ಹಿಂದಿನ ಹೆರಿಗೆಯಲ್ಲಿ ರಕ್ತ ಹೋಗಿ ಬದುಕಿದ್ದೇ ಹೆಚ್ಚು. ನರ್ಸ್ ಸೋನಾಬಾಯಿ ಇಬ್ಬರಿಗೂ ರಕ್ತ ಹೆಚ್ಚಿಸುವ ಕೆಂಪು ಗುಳಿಗೆ ಕೊಟ್ಟು, ಕಾಳವ್ವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಹಿಂಗ ಬೆಳ್ಳಗಿದ್ರ ಈ ಸಲ ನೀ ಉಳಿಯೂದಿಲ್ಲ. ಗುಳಿಗಿ ನುಂಗು, ಹೊಟ್ಟಿ ತುಂಬ ಉಣ್ಣು" ಎಂದು ಗದರಿದ್ದಳು. ಗುಳಿಗೆ ನುಂಗಿದರೆ ಕೂಸು ಕಪ್ಪಾಗುತ್ತದೆಂದು ಕಾಳವ್ವ ಅವನ್ನು ಜಂತಿಯ ಸಂದಿಯಲ್ಲಿ ಸಿಕ್ಕಿಸಿಟ್ಟಳು. ಎಲ್ಲರಿಗೂ ನೀಡಿ, ಕೊನೆಗೆ ಚಟ್ನಿಯೊಡನೆ ಒಂದು ಜೋಳದ ಭಕ್ರಿ ತಿಂದು ಏಳುತ್ತಿದ್ದಳು. ಮನಸ್ಸೆಲ್ಲ ನೆಗೆಣ್ಣಿಯ ಟ್ರಂಕಿನ ಮೇಲೆ.

ನೆಗೆಣ್ಣಿ, ಅಂದರೆ ಕಿರಿಯ ಸೊಸೆ ಸುಗಂಧಾ, ಭೋಜ ಎಂಬ ಊರಿನವಳು, ಚೊಚ್ಚಲ ಬಸಿರಿ. ಸೀಮಂತದ ಕುಬಸ ಮಾಡಿದ ದಿನ ತವರಿನವರು ಐದು ಬುಟ್ಟಿ ಶೇಂಗಾ ಉಂಡೆ, ಬೇಸನ್ ಉಂಡೆ, ಕರಚಿಕಾಯಿ ತಂದಿದ್ದರು. ಅವೆಲ್ಲ ಆಕೆಯ ಟ್ರಂಕು ಸೇರಿದ್ದವು. ಕುಬಸ ಚೊಚ್ಚಲಿಗೆ ಮಾತ್ರ. ಮೂರನೆಯದಕ್ಕೆ ಯಾರು ಬುತ್ತಿ ತರುತ್ತಾರೆ? ಕಾಳವ್ವನ ತಾಯಿಯೂ ತೀರಿಹೋಗಿದ್ದಳು.

"ಅಕ್ಕೋರ, ಆಕಿ ಗಲ್ಲ ನೋಡ್ರಿ, ಟೊಮೆಟೊ ಆಗ್ಯಾವ. ಬಾಗಲಾ ಹಾಕ್ಕೊಂಡು ತಿಂತಾಳ್ರಿ! ನನ್ನ ಹೊಟ್ಟ್ಯಾಗಿನ ಕೂಸು ಏನ ಪಾಪ ಮಾಡೈತಿ?" ಎಂದು ನನ್ನ ಮುಂದೆ ಉರಿದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಒಳಗೆ ಗದ್ದಲವಾಯಿತು. ಹೋಗಿ ನೋಡಿದರೆ ಟ್ರಂಕು ತೆರೆದಿದೆ, ಕಾಳವ್ವನ ಬಾಯಿ ತುಂಬ ಉಂಡೆ, ಬಾಗಿಲಲ್ಲಿ ಸುಗಂಧಾ.

"ಕಳ್ಳಿ ಅನ್ನಬೇ, ಅನ್ನು!" ಎಂದು ಕಾಳವ್ವನೇ ಮೊದಲು ಮೈಮೇಲೆ ಹೋದಳು. "ನಿನಗ ಐದ ಬುಟ್ಟಿ. ನನಗ ಒಂದ ಹಿಡಿ ಚುರಮುರಿ ತರಾವ್ರಿಲ್ಲ."

ಸುಗಂಧಾ ಅತ್ತೇಬಿಟ್ಟಳು. "ಭಕ್ರಿ ಬುಟ್ಟಿ ನಿನ್ನ ಕೈಯಾಗ ಐತಲ್ಲಕ್ಕಾ! ನೀ ಎಷ್ಟ ಉಂಡ್ರೂ ಕೇಳಾವ್ರಿಲ್ಲ. ನನಗ ಅರ್ಧಾ ನೀಡ್ತಿ. ಈ ಉಂಡಿ ಇರದಿದ್ರ ಹಸದ ಸಾಯ್ತಿದ್ದೆ. ದಿನಾ ನಿನ್ನ ನೋಡಿ ನನ್ನ ಹೊಟ್ಟಿ ಉರೀತೈತಿ."

ಮಾತು ನಿಜವಾಗಿತ್ತು. ಕೂಸು ದಪ್ಪವಾದರೆ ಚೊಚ್ಚಲ ಹೆರಿಗೆ ಕಷ್ಟವೆಂದು, ಕಿರಿಯವಳಿಗೆ ಅರ್ಧ ಭಕ್ರಿಯನ್ನೇ ನೀಡಬೇಕೆಂದು ತುಳಸವ್ವ ಹೇಳಿದ್ದರು. ಕಾಳವ್ವ ಅದನ್ನು ಬಹಳ ಖುಷಿಯಿಂದ ಪಾಲಿಸಿದ್ದಳು. ಆದರೆ ತನ್ನನ್ನು ಕಂಡೂ ಒಬ್ಬರು ಹೊಟ್ಟೆಕಿಚ್ಚು ಪಡುತ್ತಾರೆಂಬುದು ಆಕೆಗೆ ಹೊಸ ಸಂಗತಿ. ಆ ಮುಖದಲ್ಲಿ ನಾಚಿಕೆಯ ಜೊತೆಗೆ ಸಣ್ಣದೊಂದು ಸಂತೋಷವನ್ನೂ ನಾನು ಕಂಡೆ.

ಮರುದಿನದಿಂದ ಅತ್ತೆ ಹೊಲಕ್ಕೆ ಹೋದೊಡನೆ ಇಬ್ಬರೂ ಎದುರುಬದುರು ಉಣ್ಣಲು ಕೂಡುತ್ತಿದ್ದರು. ಪ್ರೀತಿಯಿಂದಲ್ಲ, ಕಾವಲಿಗೆ! ಒಬ್ಬಳು ಉಂಡೆ ತೆಗೆದುಕೊಂಡರೆ ಇನ್ನೊಬ್ಬಳಿಗೂ ಒಂದು. ಒಬ್ಬಳ ತಾಟಿಗೆ ಎರಡು ಭಕ್ರಿ ಬಿದ್ದರೆ ಇನ್ನೊಬ್ಬಳಿಗೂ ಎರಡು. ಸುಗಂಧಾ ಗುಳಿಗೆ ನುಂಗುವುದನ್ನು ಕಂಡು ಕಾಳವ್ವ ಜಂತಿಗೆ ಕೈ ಹಾಕಿದಳು.

"ಆಕಿಗಷ್ಟ ಯಾಕ? ಕಪ್ಪ ಆದ್ರ ಎರಡೂ ಕಪ್ಪ ಆಗಲಿ" ಎಂದು ನುಂಗಿದಳು.

ಒಂಬತ್ತು ತುಂಬಿದಾಗ ಸುಗಂಧಾ ತವರಿಗೆ ಹೋದಳು. ಶ್ರಾವಣದಲ್ಲಿ ಕಾಳವ್ವ ಹೆತ್ತಳು. ಈ ಸಲ ರಕ್ತ ಹೆಚ್ಚು ಹೋಗಲಿಲ್ಲ. ಸೋನಾಬಾಯಿ ಕೂಸನ್ನು ತೂಗಿ, ಎರಡು ಮುಕ್ಕಾಲು ಕಿಲೋ ಎಂದು ತಾನೇ ಬೆರಗಾದಳು. ಕಾಳವ್ವ ಬಂದವರಿಗೆಲ್ಲ ಅದನ್ನೇ ಹೇಳಿದಳು.

ವಾರದೊಳಗೆ ಭೋಜದಿಂದ ಸುದ್ದಿ ಬಂತು: ಸುಗಂಧಾ ಸುಖವಾಗಿ ಹೆತ್ತಿದ್ದಾಳೆ, ಕೂಸು ಮೂರು ಕಿಲೋ. ಕಾಳವ್ವ ಗೋಡೆಗೆ ಮುಖ ಮಾಡಿ ಮಲಗಿದಳು. ಸಂಜೆ ನಾನು ಹೋಗಿ ಕುಳಿತಾಗ ಮೆಲ್ಲಗೆ ಇತ್ತ ತಿರುಗಿ, "ಅಕ್ಕೋರ, ಅವರೂರ ತಕ್ಕಡಿನ ಸುಳ್ಳ ಇರಬೇಕ್ರಿ" ಎಂದಳು.