ಎರಡರಿಂದ ಎಣಿಸುವ ಯಂತ್ರ

ತೊಂಬತ್ತರ ದಶಕ. ಆಳಂದದ ನಮ್ಮ ಓಣಿಯ ಅಕ್ಕನೊಬ್ಬಳು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ನಾನು ಅಲ್ಲಿ ಕಲಿಯುವವನು. ಅದಕ್ಕಿಂತ ಹೆಚ್ಚಾಗಿ ವಾದಿಸುವವನು. ಅಫಜಲಪುರದ ತೊಗರಿ ಅಡತಿಯೊಂದಕ್ಕೆ, ಅಂದರೆ ದಲಾಲಿ ಮಂಡಿಗೆ, ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಂ ಅವಳಿಗೆ ಹೊರಗಿನಿಂದ ಸಿಕ್ಕ ಮೊದಲ ಕೆಲಸ. ಇದು ಕೆಟ್ಟರೆ ಇನ್ನೊಂದನ್ನು ಯಾರೂ ಕೊಡುತ್ತಿರಲಿಲ್ಲ.

ನಮ್ಮಲ್ಲೇನೋ ಅದು ಚೆನ್ನಾಗಿ ಓಡುತ್ತಿತ್ತು. ಆದರೆ ಓಡುತ್ತಿದ್ದುದು, ಅದನ್ನು ಬರೆದ ತಂತ್ರಾಂಶದ ಒಳಗೆ. ಅಲ್ಲಿ ಕಿಟಕಿ, ಅಂಕೆ, ನಾವು ಕಟ್ಟಿದ ‘ಚೀಲ’, ಎಲ್ಲವೂ ಒಂದೊಂದು ವಸ್ತು. ಒಂದು ಇನ್ನೊಂದನ್ನು ಕರೆದು ಕೆಲಸ ಮಾಡಿಸುತ್ತದೆ. ಅಡತಿಯ ಯಂತ್ರದಲ್ಲಿ ಆ ತಂತ್ರಾಂಶ ಇರುವುದಿಲ್ಲ. ಬೇಕಾದ ವಸ್ತುಗಳನ್ನಷ್ಟೇ ಗಂಟು ಕಟ್ಟಿ ಒಯ್ಯಬೇಕು. ಗಂಟು ಕಟ್ಟುವಾಗ ಯಾರೂ ಕರೆಯದ ವಸ್ತುವನ್ನು ತಂತ್ರಾಂಶವೇ ಕೈಬಿಡುತ್ತಿತ್ತು.

“ಯಾವ್ದು ಬ್ಯಾಡ ಅಂತ ಅದಕ್ಕ ಹ್ಯಾಂಗ ಗೊತ್ತಾಗ್ತದ? ಎಲ್ಲಾ ಒಯ್ಯೋಣು,” ಎಂದೆ.

“ಊರಿಗಿ ಹೊಂಟವ್ರು ಬೀಸೂಕಲ್ಲು ಹೊತ್ಕೊಂಡ್ ಹೋಗ್ತಾರೇನಲೇ? ಒಂದ ಫ್ಲಾಪಿದಾಗ ಹಿಡೀಬೇಕು,” ಎಂದಳು ಅಕ್ಕ.

ಫ್ಲಾಪಿ ಒಯ್ದ ದಿನ ಅಡತಿಯಲ್ಲಿ ಹಮಾಲ ಮೊದಲ ಚೀಲವನ್ನು ತೂಕದ ಕಾಟಾದ ಮೇಲಿಟ್ಟು “ಲಾಭಾ!” ಎಂದು ಕೂಗಿದ. ನಮ್ಮ ಕಡೆ ಕಾಳು ತೂಗುವಾಗ ‘ಒಂದು’ ಎನ್ನುವುದಿಲ್ಲ. ಶುಭಕ್ಕೆಂದು ಲಾಭ, ಆಮೇಲೆ ಎರಡು, ಮೂರು. ಚೀಟಿಯಲ್ಲೂ ಹಾಗೇ ಬರಲೆಂದು ಅಕ್ಕ ‘ಲಾಭ’ ಎಂಬ ಬೇರೆ ವಸ್ತುವನ್ನೇ ಮಾಡಿದ್ದಳು. ಪ್ರೋಗ್ರಾಮಿನ ಯಾವ ಸಾಲೂ ಅದನ್ನು ನೇರವಾಗಿ ಕರೆಯುತ್ತಿರಲಿಲ್ಲ; ಮೊದಲ ಚೀಲ ಬಂದಾಗಷ್ಟೇ ಹೆಸರು ಹುಡುಕಿ ಕರೆಯುತ್ತಿತ್ತು. ಹೀಗಾಗಿ ಗಂಟಿನಿಂದ ಅದು ಬಿದ್ದುಹೋಗಿತ್ತು. ಯಂತ್ರ ಗಪ್ಪನೆ ನಿಂತಿತು.

ಅಕ್ಕ ಮತ್ತೆ ಶುರು ಮಾಡಿ ನೋಡಿದಳು; ಮತ್ತೆ ಅಲ್ಲೇ ನಿಂತಿತು. ನಾನು ಅಡತಿಯ ಸಾಹುಕಾರರೊಡನೆ ವಾದಕ್ಕಿಳಿದೆ. “ಒಂದು ಅಂತ ಬರದ್ರ ನಡೀತದ್ರಿ. ಶಬ್ದದಾಗ ಏನದರಿ?”

“ಏನೂ ಇಲ್ಲಂದ್ರ ನಿಮ್ಮ ಮಷೀನ್ ಯಾಕ ನಿಂತದ ತಮ್ಮಾ?”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಯಾರೂ ಇಷ್ಟು ಚಿಕ್ಕ ಉತ್ತರ ಕೊಟ್ಟಿರಲಿಲ್ಲ.

ಅವರು ಅಕ್ಕನ ಕಡೆ ತಿರುಗಿದರು. “ಎರಡರಿಂದ ನಡೀತದೇನ್ರಿ ಅಕ್ಕಾರ?”

ಅವಳು ಎರಡನೆಯ ಚೀಲದ ತೂಕ ಒತ್ತಿದಳು. ಚೀಟಿ ಬಂತು.

“ಹಂಗಾರ ಮೊದಲನೇದು ನಾ ಬರೀತೇನಿ.” ಸಾಹುಕಾರರು ಚೀಟಿಯ ನೆತ್ತಿಯ ಮೇಲೆ ತಾವೇ ‘ಲಾಭ’ ಎಂದು ಬರೆದರು. ಸಂಜೆಯವರೆಗೂ ತೂಕ ನಡೆಯಿತು.

ಸರಿಪಡಿಸಿದ ಪ್ರೋಗ್ರಾಂ ಒಯ್ದಾಗ ಅವರು ಬೇಡವೆಂದರು. ಮೊದಲ ಚೀಲ ತಮ್ಮ ಕೈಯಲ್ಲೇ ಇರಲಿ ಎಂದರು. ಜೇವರ್ಗಿಯ ತಮ್ಮ ಬೀಗರ ಅಡತಿಗೂ ಎರಡರಿಂದಲೇ ಎಣಿಸುವ ಇಂಥದೇ ಮಾಡಿಕೊಡಲು ಹೇಳಿ ಕಳಿಸಿದರು.

ಜೇವರ್ಗಿಯ ಗಂಟು ಕಟ್ಟುವಾಗ ‘ಲಾಭ’ವನ್ನು ಬಿಡಬಾರದೆಂದು ಅಕ್ಕ ಗುರುತು ಹಾಕಿದಳು. ಗಂಟು ಒಂದರಲ್ಲಿ ಹಿಡಿಯದೆ ಫ್ಲಾಪಿ ಎರಡಾದವು.

“ಅಕ್ಕಾ, ಈಗಂತೂ ಅದನ್ನ ಖರೇನ ಯಾರೂ ಕರಿಯಂಗಿಲ್ಲ. ತೆಗಿ,” ಎಂದೆ.

“ಇರ್ಲಿ ಬಿಡಲೇ,” ಎಂದಳು, “ಬೀಸೂಕಲ್ಲು ನಾ ಹೊರ್ತೇನಿ.”